ಮುಪ್ಪಿನಲ್ಲಿ ಸ್ವಾಧ್ಯಾಯ ತಪ

ತಪಸ್ಸು ಎಂದೊಡನೆ ಶ್ರಾವಕರ ಮನಸ್ಸಿಗೆ ಮೊದಲು ಬರುವುದು ಉಪವಾಸ. ಅಷ್ಟಮಿ ಚತುರ್ದಶಿಗಳ ಪ್ರೋಷಧ, ಭಾದ್ರಪದದ ದಶಲಕ್ಷಣ ಪರ್ವದ ಏಕಾಶನ, ಅನಂತ ಚತುರ್ದಶಿಯ ನೋಂಪಿ, ಇವುಗಳನ್ನು ಎಳೆಯ ವಯಸ್ಸಿನಿಂದ ತಪ್ಪದೆ ನಡೆಸಿಕೊಂಡು ಬಂದ ಹಿರಿಯರು ಅನೇಕ ಮನೆಗಳಲ್ಲಿದ್ದಾರೆ. ಇಂಥವರಿಗೆ ಎಪ್ಪತ್ತರ ಆಸುಪಾಸಿನಲ್ಲಿ ಒಂದು ದಿನ ವೈದ್ಯರು, "ಇನ್ನು ಮುಂದೆ ಉಪವಾಸ ಬೇಡ" ಎಂದು ಹೇಳುತ್ತಾರೆ. ಸಕ್ಕರೆ ಕಾಯಿಲೆಗೆ ಗುಳಿಗೆ ನುಂಗಬೇಕಾಗಿದೆ, ರಕ್ತದೊತ್ತಡಕ್ಕೆ ಇನ್ನೊಂದು, ಗುಳಿಗೆಗೆ ಮೊದಲೋ ಅನಂತರವೋ ಆಹಾರ ಬೇಕು. ಅಂದಿನಿಂದ ಆ ಹಿರಿಯ ಜೀವ ಪರ್ವದ ದಿನ ಬಸದಿಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತದೆ. ಪ್ರತ್ಯಾಖ್ಯಾನ ತೆಗೆದುಕೊಳ್ಳುವವರ ಮುಂದೆ ತಲೆ ತಗ್ಗಿಸುತ್ತದೆ. "ನನ್ನ ಧರ್ಮಸಾಧನೆಯ ಕಾಲ ತೀರಿತು" ಎಂದು ಒಳಗೊಳಗೇ ನೋಯುತ್ತದೆ. ಆ ನೋವಿನ ಹಿಂದೆ ಬರುವುದು ನಿರುತ್ಸಾಹ. ನಿರುತ್ಸಾಹದ ಹಿಂದೆ ಬರುವುದು ಮನಸ್ಸಿನ ಜಡತೆ. ದೇಹಕ್ಕೆ ವಿಶ್ರಾಂತಿ ಹೇಳಿದ ಮಾತನ್ನು ಬುದ್ಧಿಯೂ ತನಗೇ ಹೇಳಿದ್ದೆಂದು ತಿಳಿದುಕೊಳ್ಳುತ್ತದೆ.

ಇದು ಶಾಸ್ತ್ರದ ದೃಷ್ಟಿಯಿಂದ ಸರಿಯಾದ ತಿಳಿವಳಿಕೆಯಲ್ಲ. ಆಗಮವು ಹನ್ನೆರಡು ಬಗೆಯ ತಪಸ್ಸನ್ನು ಹೇಳಿದೆ. ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ, ವಿವಿಕ್ತಶಯ್ಯಾಸನ, ಕಾಯಕ್ಲೇಶ ಎಂಬ ಆರು ಬಾಹ್ಯ ತಪಗಳು. ಪ್ರಾಯಶ್ಚಿತ್ತ, ವಿನಯ, ವೈಯಾವೃತ್ಯ, ಸ್ವಾಧ್ಯಾಯ, ವ್ಯುತ್ಸರ್ಗ, ಧ್ಯಾನ ಎಂಬ ಆರು ಆಭ್ಯಂತರ ತಪಗಳು. ಉಪವಾಸವು ಈ ಹನ್ನೆರಡರಲ್ಲಿ ಒಂದು. ಅದರ ಬಾಗಿಲು ಮುಚ್ಚಿದರೆ ಹನ್ನೊಂದು ಬಾಗಿಲುಗಳ ಮಾತು ಉಳಿದೇ ಇದೆ. ಅವುಗಳಲ್ಲಿ ಸ್ವಾಧ್ಯಾಯವು ಮುಪ್ಪಿಗೆ ವಿಶೇಷವಾಗಿ ಒಪ್ಪುವ ತಪ. ಅದಕ್ಕೆ ಹೊಟ್ಟೆ ಬರಿದಾಗಬೇಕಿಲ್ಲ, ಮೊಣಕಾಲಿನಲ್ಲಿ ಬಲವಿರಬೇಕಿಲ್ಲ. ಅದು ಬೇಡುವುದು ಎಚ್ಚರವಿರುವ ಮನಸ್ಸನ್ನು. ಬೇಡುವುದಷ್ಟೇ ಅಲ್ಲ, ಆ ಎಚ್ಚರವನ್ನು ಕಾಪಾಡಿಕೊಡುವುದೂ ಅದೇ.

ತೀರ್ಥಂಕರ ನಾಮಕರ್ಮದ ಬಂಧಕ್ಕೆ ಕಾರಣವಾದ ಷೋಡಶ ಭಾವನೆಗಳನ್ನು ಷೋಡಶಕಾರಣ ವ್ರತದಲ್ಲಿ ಶ್ರಾವಕರು ಪ್ರತಿವರ್ಷ ಪೂಜಿಸುತ್ತಾರೆ. ಅವುಗಳಲ್ಲಿ ಎರಡನ್ನು ವಯೋವೃದ್ಧರು ಜೊತೆಯಾಗಿಟ್ಟು ನೋಡಬೇಕು. ಒಂದು ಶಕ್ತಿತಸ್ತಪ, ಇನ್ನೊಂದು ಅಭೀಕ್ಷ್ಣ ಜ್ಞಾನೋಪಯೋಗ. ಶಕ್ತಿತಸ್ತಪ ಎಂದರೆ ಶಕ್ತಿಗೆ ತಕ್ಕಂತೆ ತಪಸ್ಸು. ಇರುವ ಶಕ್ತಿಯನ್ನು ಬಚ್ಚಿಡಬಾರದೆಂದು ಪೂಜ್ಯಪಾದಾಚಾರ್ಯರು ತಮ್ಮ 'ಸರ್ವಾರ್ಥಸಿದ್ಧಿ'ಯಲ್ಲಿ ಇದಕ್ಕೆ ಅರ್ಥ ಹೇಳಿದ್ದಾರೆ. ಇದರಿಂದ ಎರಡು ತಪ್ಪುಗಳು ಗೊತ್ತಾಗುತ್ತವೆ. ದೇಹದಲ್ಲಿ ಇಲ್ಲದ ಶಕ್ತಿಯನ್ನು ಇದೆಯೆಂದು ತೋರಿಸಿ ಗುಳಿಗೆ ಬಿಟ್ಟು ಉಪವಾಸ ಮಾಡುವುದು ಒಂದು ತಪ್ಪು. ಮನಸ್ಸಿನಲ್ಲಿರುವ ಶಕ್ತಿಯನ್ನು ಇಲ್ಲವೆಂದು ಹೇಳಿ, "ಈ ವಯಸ್ಸಿನಲ್ಲಿ ನನಗೇನು ತಲೆಗೆ ಹತ್ತೀತು" ಎಂದು ಶಾಸ್ತ್ರವನ್ನು ಮುಚ್ಚಿಡುವುದು ಇನ್ನೊಂದು ತಪ್ಪು. ಮೊದಲನೆಯದನ್ನು ಮನೆಯವರು ಕೂಡಲೇ ತಡೆಯುತ್ತಾರೆ. ಎರಡನೆಯದನ್ನು ಯಾರೂ ತಡೆಯುವುದಿಲ್ಲ. ಅಭೀಕ್ಷ್ಣ ಜ್ಞಾನೋಪಯೋಗ ಎಂದರೆ ಜ್ಞಾನದಲ್ಲಿ ಉಪಯೋಗವನ್ನು ಎಡೆಬಿಡದೆ ತೊಡಗಿಸುವುದು. ಅದಕ್ಕೆ ಆಚಾರ್ಯರು ವಯಸ್ಸಿನ ಮಿತಿಯನ್ನು ಹಾಕಿಲ್ಲ.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಎರೆಭೂಮಿಯ ಒಕ್ಕಲಿಗನಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಉತ್ತರದಲ್ಲಿ ಭೀಮೆ, ದಕ್ಷಿಣದಲ್ಲಿ ಕೃಷ್ಣೆ, ನಡುವೆ ಡೋಣಿ ಹರಿಯುವ ಈ ಸೀಮೆಯಲ್ಲಿ ನೀರಾವರಿ ಇಲ್ಲದ ಹೊಲದ ಒಂದು ಮುಖ್ಯ ಬೆಳೆ ಹಿಂಗಾರಿಯ ಬಿಳಿಜೋಳ. ಮಳೆಗಾಲ ಮುಗಿಯುತ್ತ ಬಂದಾಗ ಅದನ್ನು ಬಿತ್ತುತ್ತಾರೆ. ಬಿತ್ತಿದ ಮೇಲೆ ಹೇಳಿಕೊಳ್ಳುವಂಥ ಮಳೆ ಬರುವುದಿಲ್ಲ. ಎರೆಮಣ್ಣು ಮಳೆಗಾಲದಲ್ಲಿ ಕುಡಿದಿಟ್ಟ ಹಸಿಯ ಮೇಲೆಯೇ ಪೈರು ಬೆಳೆದು ತೆನೆ ಕಟ್ಟಬೇಕು. ಆದರೆ ಎರೆಭೂಮಿಗೆ ಒಂದು ದೋಷವಿದೆ. ಒಣಗುತ್ತ ಹೋದಂತೆ ಅದು ಬಿರುಕು ಬಿಡುತ್ತದೆ. ಬಿರುಕಿನ ಮೂಲಕ ಒಳಗಿನ ಹಸಿ ಆರಿಹೋಗುತ್ತದೆ. ಅದಕ್ಕಾಗಿ ಬಲ್ಲ ರೈತ ಕಳೆ ಇಲ್ಲದಿದ್ದರೂ ಸಾಲಿನ ನಡುವೆ ಮತ್ತೆ ಮತ್ತೆ ಎಡೆ ಹೊಡೆಯುತ್ತಾನೆ. ಮೇಲಿನ ಮಣ್ಣು ಸಡಿಲಾಗಿ ಬಿರುಕು ಮುಚ್ಚುತ್ತದೆ, ಹಸಿ ಉಳಿಯುತ್ತದೆ. ಎಡೆ ಹೊಡೆಯುವುದರಿಂದ ಹೊಸ ಮಳೆ ಬರುವುದಿಲ್ಲ. ಬಂದ ಮಳೆ ವ್ಯರ್ಥವಾಗುವುದು ತಪ್ಪುತ್ತದೆ.

ಮನುಷ್ಯನ ಹಿಂಗಾರಿಯೂ ಹೀಗೆಯೇ. ಯೌವನದ ಮಳೆ ನಿಂತಿರುತ್ತದೆ. ಹೊಸ ಹೆಸರು ಬೇಗನೆ ನೆನಪಿನಲ್ಲಿ ನಿಲ್ಲುವುದಿಲ್ಲ, ಉತ್ತರ ಹೊಳೆಯಲು ಹೊತ್ತು ಹಿಡಿಯುತ್ತದೆ. ಆದರೆ ಅರವತ್ತು ವರ್ಷ ಕೇಳಿದ, ಕಂಡ, ನಡೆದ ಅನುಭವದ ಹಸಿ ಒಳಗಿರುತ್ತದೆ. ಅದನ್ನು ಉಳಿಸುವ ಎಡೆಯೇ ಸ್ವಾಧ್ಯಾಯ. ಎಡೆ ಹೊಡೆಯದ ಹೊಲದಲ್ಲಿ ಹಸಿ ಆರಿದರೆ ಅದು ಮಣ್ಣಿನ ತಪ್ಪೆಂದು ಯಾವ ರೈತನೂ ಹೇಳುವುದಿಲ್ಲ.

ಸ್ವಾಧ್ಯಾಯವೆಂದರೆ ಪುಸ್ತಕ ತೆರೆದು ಕಣ್ಣಾಡಿಸುವುದು ಎಂದು ಅನೇಕರು ತಿಳಿದಿದ್ದಾರೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಅದಕ್ಕೆ ಐದು ಅಂಗಗಳನ್ನು ಹೇಳಿದ್ದಾರೆ. ವಾಚನಾ ಎಂದರೆ ಓದುವುದು, ಓದಿಸುವುದು. ಪೃಚ್ಛನಾ ಎಂದರೆ ಸಂಶಯವನ್ನು ಕೇಳಿ ತಿಳಿಯುವುದು. ಅನುಪ್ರೇಕ್ಷಾ ಎಂದರೆ ತಿಳಿದುದನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಚಿಂತಿಸುವುದು. ಆಮ್ನಾಯ ಎಂದರೆ ಶುದ್ಧವಾಗಿ ಉಚ್ಚರಿಸುತ್ತ ಕಂಠಸ್ಥ ಮಾಡುವುದು. ಧರ್ಮೋಪದೇಶ ಎಂದರೆ ಇನ್ನೊಬ್ಬರಿಗೆ ತಿಳಿಸಿ ಹೇಳುವುದು. ಈ ಐದೂ ಮನಸ್ಸಿನ ಬೇರೆ ಬೇರೆ ಕೆಲಸಗಳು. ಓದುವಾಗ ಕಣ್ಣು ಮತ್ತು ಗಮನ ದುಡಿಯುತ್ತವೆ, ಕೇಳುವಾಗ ವಿವೇಕ, ಚಿಂತಿಸುವಾಗ ವಿಚಾರ, ಕಂಠಸ್ಥ ಮಾಡುವಾಗ ಸ್ಮೃತಿ, ತಿಳಿಸಿ ಹೇಳುವಾಗ ಇವೆಲ್ಲವೂ ಒಟ್ಟಿಗೆ ದುಡಿಯುತ್ತವೆ. ಒಂದೇ ಸ್ತೋತ್ರವನ್ನು ನಲವತ್ತು ವರ್ಷ ಒಂದೇ ರಾಗದಲ್ಲಿ ಹೇಳುತ್ತ ಬಂದವರ ಭಕ್ತಿ ದೊಡ್ಡದು. ಆದರೆ ಅವರ ಸ್ವಾಧ್ಯಾಯದಲ್ಲಿ ಒಂದು ಅಂಗ ನಡೆದಿದೆ, ನಾಲ್ಕು ಮಲಗಿವೆ. ಆ ಸ್ತೋತ್ರದ ಒಂದು ಪದದ ಅರ್ಥವನ್ನು ಇಂದು ಕೇಳಿ ತಿಳಿದು, ನಾಳೆ ಮೊಮ್ಮಗಳಿಗೆ ಹೇಳಿದರೆ ಐದೂ ಎಚ್ಚರಗೊಳ್ಳುತ್ತವೆ.

ಜಿನವಾಣಿ ಲಿಪಿಗೊಂಡ ಪ್ರಸಂಗವೇ ವೃದ್ಧರೊಬ್ಬರ ಸ್ವಾಧ್ಯಾಯದ ಪ್ರಸಂಗವೆಂಬುದನ್ನು ಶ್ರುತಪಂಚಮಿಯಂದು ನೆನೆಯಬೇಕು. ಸೌರಾಷ್ಟ್ರದ ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರಿಗೆ ಆಯುಷ್ಯದ ಕೊನೆ ಹತ್ತಿರವಾಗಿತ್ತು. ಗುರುಪರಂಪರೆಯಿಂದ ಬಂದ ಶ್ರುತವು ಅವರ ಸ್ಮೃತಿಯಲ್ಲಿತ್ತು; ತಾಳೆಗರಿಯಲ್ಲಿರಲಿಲ್ಲ. ತಮ್ಮೊಡನೆ ಅದು ಅಳಿದೀತೆಂದು ಅವರು ದಕ್ಷಿಣಾಪಥದ ಮುನಿಸಂಘಕ್ಕೆ ಪತ್ರ ಕಳುಹಿಸಿದರು. ಸಂಘವು ಇಬ್ಬರು ಯುವ ಮುನಿಗಳನ್ನು ಕಳುಹಿಸಿತು. ಅವರೇ ಮುಂದೆ ಪುಷ್ಪದಂತ, ಭೂತಬಲಿ ಎಂದು ಖ್ಯಾತರಾದವರು. ಬಂದವರಿಗೆ ವೃದ್ಧ ಗುರುಗಳು ಕೂಡಲೇ ಪಾಠ ಹೇಳಲಿಲ್ಲ. ಒಬ್ಬರಿಗೆ ಒಂದಕ್ಷರ ಹೆಚ್ಚಾದ ಮಂತ್ರವನ್ನೂ ಇನ್ನೊಬ್ಬರಿಗೆ ಒಂದಕ್ಷರ ಕಡಿಮೆಯಾದ ಮಂತ್ರವನ್ನೂ ಕೊಟ್ಟು ಸಾಧಿಸಿರೆಂದರು. ಒಬ್ಬರ ಮುಂದೆ ಉಬ್ಬುಹಲ್ಲಿನ ದೇವಿ, ಇನ್ನೊಬ್ಬರ ಮುಂದೆ ಒಕ್ಕಣ್ಣಿನ ದೇವಿ ತೋರಿದರು. ದೇವತೆಗಳಿಗೆ ಅಂಗವಿಕಾರವಿರದೆಂದು ಇಬ್ಬರೂ ವಿಚಾರಿಸಿ, ಮಂತ್ರಶಾಸ್ತ್ರದ ಬಲದಿಂದ ಅಕ್ಷರವನ್ನು ತಿದ್ದಿ, ಮತ್ತೆ ಜಪಿಸಿ ಸಫಲರಾದರು. ಧರಸೇನರು ಸಂತುಷ್ಟರಾಗಿ ಶ್ರುತವನ್ನು ಬೋಧಿಸಿದರು. ಅನಂತರ ಪುಷ್ಪದಂತರು ವನವಾಸ ದೇಶಕ್ಕೆ, ಅಂದರೆ ಕನ್ನಡ ನಾಡಿನ ಬನವಾಸಿಯ ಸೀಮೆಗೆ ಬಂದು ಷಟ್ಖಂಡಾಗಮದ ಮೊದಲ ಸೂತ್ರಗಳನ್ನು ರಚಿಸಿದರು. ಭೂತಬಲಿಗಳು ಅದನ್ನು ಪೂರ್ಣಗೊಳಿಸಿದರು.

ಈ ಕಥೆಯಲ್ಲಿ ಮುಪ್ಪಿನವರು ಗಮನಿಸಬೇಕಾದ ಸಂಗತಿಗಳು ಎರಡು. ಆಯುಷ್ಯ ಮುಗಿಯುತ್ತ ಬಂದಾಗಲೂ ಧರಸೇನರ ಬುದ್ಧಿ ಒಂದಕ್ಷರದ ಹೆಚ್ಚುಕಡಿಮೆಯನ್ನು ಬಲ್ಲಷ್ಟು ಹರಿತವಾಗಿತ್ತು. ಕಾರಣ ಅವರ ಶ್ರುತ ಪ್ರತಿದಿನ ಬಳಕೆಯಲ್ಲಿದ್ದ ಶ್ರುತ. ಎರಡನೆಯದು, ತಿಳಿದುದನ್ನು ಪಡೆಯುವವರು ಹತ್ತಿರದಲ್ಲಿ ಇಲ್ಲವೆಂದು ಅವರು ಕೈಕಟ್ಟಿ ಕುಳಿತುಕೊಳ್ಳಲಿಲ್ಲ, ದೂರದಿಂದ ಕರೆಯಿಸಿಕೊಂಡರು. ಕೇಳುವವರಿಲ್ಲವೆಂದು ಮೌನವಾಗುವ ಹಿರಿಯರಿಗೆ ಇದಕ್ಕಿಂತ ದೊಡ್ಡ ಉತ್ತರವಿಲ್ಲ.

ಅದೇ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು 72 ಸಾವಿರ ಶ್ಲೋಕ ಪ್ರಮಾಣದ ಧವಲಾ ಟೀಕೆಯನ್ನು ಬರೆದು 816ರಲ್ಲಿ ಮುಗಿಸಿದರು. ಅಷ್ಟು ದೊಡ್ಡ ಕಾರ್ಯ ಮುಗಿಸಿದವರು ವಿಶ್ರಮಿಸಬಹುದಿತ್ತು. ಅವರು ಕಷಾಯಪ್ರಾಭೃತದ ಮೇಲೆ ಜಯಧವಲಾ ಟೀಕೆಯನ್ನು ತೊಡಗಿದರು. 20 ಸಾವಿರ ಶ್ಲೋಕ ಪ್ರಮಾಣ ಬರೆಯುವಷ್ಟರಲ್ಲಿ ಅವರ ಆಯುಷ್ಯ ಮುಗಿಯಿತು. ಶಿಷ್ಯರಾದ ಜಿನಸೇನಾಚಾರ್ಯರು ಇನ್ನೂ 40 ಸಾವಿರವನ್ನು ಬರೆದು 837ರಲ್ಲಿ ಪೂರ್ಣಗೊಳಿಸಿದರು. ಜಿನಸೇನರೂ ಅಲ್ಲಿಗೆ ನಿಲ್ಲದೆ ಮಹಾಪುರಾಣವನ್ನು ಕೈಗೆತ್ತಿಕೊಂಡರು; ಅದನ್ನು ಮುಗಿಸಿದವರು ಅವರ ಶಿಷ್ಯ ಗುಣಭದ್ರರು. ಜಿನಸೇನರನ್ನು ಗುರುವೆಂದು ಪೂಜಿಸಿದ ಅಮೋಘವರ್ಷ ನೃಪತುಂಗನ ಮಾನ್ಯಖೇಟವು ಇಂಡಿ ಸಿಂದಗಿಗಳ ನೆರೆಯ ಕಲಬುರಗಿ ಜಿಲ್ಲೆಯ ಮಳಖೇಡವೇ. ಮುಗಿಸಲು ಆಯುಷ್ಯ ಸಾಲುವುದೋ ಇಲ್ಲವೋ ಎಂಬ ಲೆಕ್ಕದಿಂದ ಈ ಮಹಾನುಭಾವರು ಕಾರ್ಯವನ್ನು ತೊಡಗಲಿಲ್ಲ. ಅರ್ಧಕ್ಕೆ ಉಳಿದುದನ್ನು ಮುಂದುವರಿಸುವ ಶಿಷ್ಯರನ್ನು ಸಿದ್ಧಗೊಳಿಸಿದ್ದರು. ಧವಲಾ ಗ್ರಂಥದ ತಾಳೆಗರಿಗಳು ಹಳಗನ್ನಡ ಲಿಪಿಯಲ್ಲಿ ಮೂಡಬಿದಿರೆಯಲ್ಲಿ ಶತಮಾನಗಳ ಕಾಲ ಉಳಿದು, 1939ರಿಂದ ಹೀರಾಲಾಲ್ ಜೈನರ ಸಂಪಾದನೆಯಲ್ಲಿ ಹದಿನಾರು ಸಂಪುಟಗಳಾಗಿ ಅಚ್ಚಾದವು.

ಸಾಧು ಮಹಾಪುರುಷರ ಮಾತು ಬೇರೆ, ಗೃಹಸ್ಥರ ಮಾತು ಬೇರೆ ಎಂದು ಯಾರಾದರೂ ಹೇಳಬಹುದು. ಅಂಥವರು ಈ ಜಿಲ್ಲೆಯ ಗೃಹಸ್ಥರನ್ನೇ ನೋಡಲಿ. ಗುಣವನ್ನು ಎಲ್ಲಿ ಕಂಡರೂ ಪ್ರಮೋದ ಪಡಬೇಕೆಂಬುದು ಜಿನಧರ್ಮದ ಉಪದೇಶ. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು 1880ರಲ್ಲಿ ಹುಟ್ಟಿದವರು. ವಚನಗಳ ಓಲೆಗರಿಗಳನ್ನು ಊರೂರು ತಿರುಗಿ ಸಂಗ್ರಹಿಸಿ, 1926ರಲ್ಲಿ ಆರಂಭಿಸಿದ 'ಶಿವಾನುಭವ' ಪತ್ರಿಕೆಯನ್ನು ಬಡತನದಲ್ಲಿಯೂ ಇಳಿವಯಸ್ಸಿನಲ್ಲಿಯೂ ಬಿಡದೆ ನಡೆಸಿದರು. 1964ರಲ್ಲಿ ತೀರಿಕೊಂಡಾಗ ಅವರಿಗೆ ಎಂಬತ್ತನಾಲ್ಕು ತುಂಬುವುದರಲ್ಲಿತ್ತು. ಆಗಿನ ಇಂಡಿ ತಾಲೂಕಿನ ಚಡಚಣದ ಸಿಂಪಿ ಲಿಂಗಣ್ಣನವರು ಶಾಲೆಯ ಶಿಕ್ಷಕರು; 1905ರಲ್ಲಿ ಹುಟ್ಟಿದರು. ಹಲಸಂಗಿಯ ಗೆಳೆಯರೊಡನೆ ತರುಣ ವಯಸ್ಸಿನಲ್ಲಿ ಆರಂಭಿಸಿದ ಜನಪದ ಹಾಡುಗಳ ಸಂಗ್ರಹ ಹಾಗೂ ಅಧ್ಯಯನವನ್ನು ಅವರು ನಿವೃತ್ತಿಯೊಡನೆ ನಿಲ್ಲಿಸಲಿಲ್ಲ. ಎಂಬತ್ತೈದು ದಾಟಿದ ಮೇಲೆ ಕೊಪ್ಪಳದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠದಿಂದ ಮಾತನಾಡಿದರು; 1993ರಲ್ಲಿ ತೀರಿಕೊಂಡರು. ಆ ಗೆಳೆಯರು 1931ರಲ್ಲಿ ಪ್ರಕಟಿಸಿದ 'ಗರತಿಯ ಹಾಡು' ಬಂದುದು ಅಕ್ಷರ ಬಾರದ ತಾಯಂದಿರ ಕಂಠದಿಂದ ಎಂಬುದನ್ನೂ ಮರೆಯಬಾರದು. ಓದು ಬಾರದೆಂದು ಹಿಂಜರಿಯುವ ಶ್ರಾವಿಕೆಗೆ ಆಮ್ನಾಯದ ಬಾಗಿಲು ಸದಾ ತೆರೆದಿದೆ.

ಇನ್ನು ಮನೆಯವರ ಕರ್ತವ್ಯದ ಮಾತು. ಮನೆಯಲ್ಲಿ ಲೆಕ್ಕಪತ್ರ ನಡೆದಿರುತ್ತದೆ; ಹೊಲದ ಲಾವಣಿಯ ಮಾತು ಬಂದಿರುತ್ತದೆ. ಅಜ್ಜ ಏನೋ ಕೇಳುತ್ತಾನೆ. "ಅಜ್ಜಾ, ನಿನಗ ಅದೆಲ್ಲ ತಿಳಿಯೂದಿಲ್ಲ, ನೀ ಸುಮ್ಮನ ಕೂಡು" ಎಂದು ಮೊಮ್ಮಗ ಹೇಳುತ್ತಾನೆ. ಹೇಳಿದವನಲ್ಲಿ ದ್ವೇಷವಿಲ್ಲ, ಕೆಲಸದ ಅವಸರವಿದೆ. ಆದರೆ ಆ ಒಂದು ಮಾತು ಪೃಚ್ಛನೆಯ ಬಾಗಿಲನ್ನು ಮುಚ್ಚುತ್ತದೆ. ಹತ್ತು ಸಲ ಹೀಗಾದರೆ ಅಜ್ಜ ಹನ್ನೊಂದನೆಯ ಸಲ ಕೇಳುವುದಿಲ್ಲ. ಕೇಳದ ಮನಸ್ಸು ವಿಚಾರಿಸುವುದನ್ನೂ ಬಿಡುತ್ತದೆ. ಆಮೇಲೆ ಅದೇ ಮನೆಯವರು, "ಅಜ್ಜನ ಬುದ್ಧಿ ಮಂದವಾಯಿತು" ಎಂದು ಮರುಗುತ್ತಾರೆ. ಹಿರಿಯರಿಗೆ ಹೊತ್ತಿಗೆ ಊಟ, ಹೊದಿಕೆ, ಔಷಧ ಕೊಡುವುದು ವೈಯಾವೃತ್ಯದ ಒಂದು ಭಾಗ. ಅವರ ಪ್ರಶ್ನೆಗೆ ನಿಂತು ಉತ್ತರಿಸುವುದು, ಅವರಿಂದ ಒಂದು ಮಾತು ಕೇಳಿ ತಿಳಿಯುವುದು ಅದರ ಇನ್ನೊಂದು ಭಾಗ. ಊರಿಗೆ ಕೆಲವೇ ಜೈನ ಮನೆಗಳಿದ್ದು, ಮುನಿಗಳ ವಿಹಾರ ಅಪರೂಪವಾಗಿರುವ ಕಡೆ ಮಕ್ಕಳಿಗೆ ಪಂಚನಮಸ್ಕಾರದ ಅರ್ಥ ಹೇಳುವ ಗುರು ಬೇರೆ ಯಾರೂ ಇಲ್ಲ. ಆಯಿಯ ಮಡಿಲೇ ಅಲ್ಲಿ ಪಾಠಶಾಲೆ.

ದೇಹದ ಆರೈಕೆಯನ್ನು ಬಿಟ್ಟು ಮನಸ್ಸಿನ ಆರೈಕೆಯಿಲ್ಲ. ವೈದ್ಯಶಾಸ್ತ್ರದ ಇತ್ತೀಚಿನ ಮಾತೂ ಇದಕ್ಕೆ ಹೊಂದುತ್ತದೆ. 'ಲ್ಯಾನ್ಸೆಟ್' ವೈದ್ಯಪತ್ರಿಕೆಯ ತಜ್ಞಮಂಡಲಿಯು 2024ರಲ್ಲಿ ಕೊಟ್ಟ ವರದಿಯಲ್ಲಿ, ಮರೆಗುಳಿ ರೋಗಕ್ಕೆ ಎಡೆಮಾಡುವ 14 ಕಾರಣಗಳನ್ನು ಮನುಷ್ಯ ಪ್ರಯತ್ನದಿಂದ ತಗ್ಗಿಸಬಹುದೆಂದೂ, ಜಗತ್ತಿನ ಅಂಥ ಪ್ರಕರಣಗಳಲ್ಲಿ ಸುಮಾರು ಶೇಕಡಾ 45ರಷ್ಟನ್ನು ತಡೆಯುವ ಇಲ್ಲವೆ ಮುಂದೂಡುವ ಸಾಧ್ಯತೆ ಇದೆಯೆಂದೂ ಹೇಳಿದೆ. ಕಡಿಮೆ ವಿದ್ಯಾಭ್ಯಾಸ, ಕಿವುಡು, ಚಿಕಿತ್ಸೆಯಿಲ್ಲದ ದೃಷ್ಟಿದೋಷ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ಅತಿ ಮದ್ಯಪಾನ, ದೇಹಶ್ರಮವಿಲ್ಲದಿರುವುದು, ಖಿನ್ನತೆ, ಒಂಟಿತನ ಮೊದಲಾದವು ಆ ಪಟ್ಟಿಯಲ್ಲಿವೆ. ಪ್ರವಚನ ಕೇಳಿಸದ ಹಿರಿಯರಿಗೆ ಕಿವಿಯ ಯಂತ್ರ ಕೊಡಿಸುವುದೂ, ಅಕ್ಷರ ಕಾಣದವರ ಕಣ್ಣಿನ ಪೊರೆಯನ್ನು ತೆಗೆಸುವುದೂ ಶಾಸ್ತ್ರದಾನದಷ್ಟೇ ಸಾರ್ಥಕ. ನಿತ್ಯ ಬಸದಿಗೆ ನಡೆದು ಹೋಗಿ ನಾಲ್ವರೊಡನೆ ಕುಳಿತು ಶಾಸ್ತ್ರ ಕೇಳುವವರಿಗೆ ನಡಿಗೆ, ಸಂಗ, ವಿಚಾರ ಮೂರೂ ಒಟ್ಟಿಗೆ ಲಭಿಸುತ್ತವೆ.

ವ್ರತನಿಷ್ಠರು ವಿಶೇಷವಾಗಿ ತಿಳಿಯಬೇಕಾದ ಮೂರು ವಿಷಯಗಳಿವೆ. ಮೊದಲನೆಯದು, ಸಕ್ಕರೆ ಕಾಯಿಲೆಗೆ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಉಪವಾಸ, ಏಕಾಶನ, ರಾತ್ರಿಭೋಜನ ತ್ಯಾಗಗಳಿಗೆ ಔಷಧದ ಹೊತ್ತನ್ನು ಹೊಂದಿಸಿಕೊಳ್ಳಲು ಮುಂಚೆಯೇ ವೈದ್ಯರನ್ನು ಕೇಳಬೇಕು. ರಕ್ತದಲ್ಲಿ ಸಕ್ಕರೆ ತೀರ ಇಳಿದರೆ ಮೆದುಳಿಗೆ ಅಪಾಯ. ಎರಡನೆಯದು, ಸಸ್ಯಾಹಾರಿಗಳಿಗೆ ಬಿ12 ಜೀವಸತ್ವ ಮುಖ್ಯವಾಗಿ ಹಾಲು ಮೊಸರುಗಳಿಂದ ದೊರೆಯುತ್ತದೆ. ರಸಪರಿತ್ಯಾಗದಲ್ಲಿ ದೀರ್ಘಕಾಲ ಹಾಲು ಮೊಸರು ಬಿಟ್ಟವರಲ್ಲಿಯೂ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಗುಳಿಗೆಯನ್ನು ವರ್ಷಗಟ್ಟಲೆ ನುಂಗಿದವರಲ್ಲಿಯೂ ಅದು ಕಡಿಮೆಯಾಗಬಹುದು. ಅದರ ಕೊರತೆಯಿಂದ ಕೈಕಾಲು ಜೋಮು ಹಿಡಿಯುತ್ತದೆ, ನೆನಪು ಮಂದವಾಗುತ್ತದೆ. ರಕ್ತಪರೀಕ್ಷೆಯಿಂದ ಇದು ಗೊತ್ತಾಗುತ್ತದೆ. ಬೇಗನೆ ಕಂಡುಹಿಡಿದರೆ ಔಷಧದಿಂದ ಸರಿಪಡಿಸಬಹುದು. ಮೂರನೆಯದು, ಒಂದೆರಡು ದಿನಗಳಲ್ಲಿಯೇ ಹಠಾತ್ತನೆ ಮಂಕು ಕವಿದು ಹಿರಿಯರು ಅಸಂಬದ್ಧ ಮಾತನಾಡತೊಡಗಿದರೆ, ಅದನ್ನು ಅರಳುಮರಳೆಂದು ಬಿಡಬಾರದು. ದೇಹದಲ್ಲಿ ನೀರು ಕಡಿಮೆಯಾಗಿರಬಹುದು, ಸೋಂಕು ತಗಲಿರಬಹುದು, ಔಷಧ ಒಗ್ಗದಿರಬಹುದು. ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಇಷ್ಟೆಲ್ಲ ಎಚ್ಚರದಿಂದಿದ್ದರೂ ಕೆಲವರ ಸ್ಮೃತಿ ಅಳಿಯುತ್ತದೆ. ಜೀವಮಾನವೆಲ್ಲ ಶಾಸ್ತ್ರ ಓದಿದವರು ಮಗನ ಹೆಸರನ್ನು ಮರೆಯುವುದುಂಟು. ಇದನ್ನು ಕಂಡು ಸ್ವಾಧ್ಯಾಯ ವ್ಯರ್ಥವೆನ್ನುವುದೂ, ಅವರ ವ್ರತದಲ್ಲಿ ದೋಷವಿತ್ತೆನ್ನುವುದೂ ಅನುಚಿತ. ಸ್ವಾಧ್ಯಾಯವು ರೋಗಕ್ಕೆ ಔಷಧವೆಂದು ಆಗಮ ಹೇಳಿಲ್ಲ. ನಿರ್ಜರೆಗೆ ಕಾರಣವೆಂದು ಹೇಳಿದೆ. ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ಗೊಮ್ಮಟಸಾರದ ಪ್ರಕಾರ ಅತಿ ಸೂಕ್ಷ್ಮ ನಿಗೋದ ಜೀವಿಯಲ್ಲಿಯೂ ಜ್ಞಾನದ ಒಂದು ಅತ್ಯಲ್ಪ ಅಂಶ ಎಂದಿಗೂ ಆವರಣಕ್ಕೆ ಒಳಗಾಗದೆ ತೆರೆದೇ ಇರುತ್ತದೆ. ಹೀಗಿರುವಲ್ಲಿ ಮಗನ ಹೆಸರು ಮರೆತ ತಾಯಿಯನ್ನು ಏನೂ ತಿಳಿಯದವಳೆಂದು ಕಾಣಲು ಯಾರಿಗೆ ಅಧಿಕಾರವಿದೆ? ಇಂಥವರಲ್ಲಿ ಅನೇಕರು ಬಾಲ್ಯದಲ್ಲಿ ಕಲಿತ ಮಂತ್ರವನ್ನೂ ಹಾಡನ್ನೂ ಬಹುಕಾಲ ಉಳಿಸಿಕೊಂಡಿರುತ್ತಾರೆ. ಪಕ್ಕದಲ್ಲಿ ಕುಳಿತು ಮಗನು ಪಂಚನಮಸ್ಕಾರದ ಮೊದಲ ಪದವನ್ನು ಹೇಳಿದರೆ ತಾಯಿ ಎರಡನೆಯದನ್ನು ಹೇಳಬಹುದು. ಆಗ ಸ್ವಾಧ್ಯಾಯವೂ ವೈಯಾವೃತ್ಯವೂ ಒಂದೇ ಕ್ಷಣದಲ್ಲಿ ನಡೆದಂತಾಗುತ್ತದೆ.

ಶ್ರಾವಕಾಚಾರದಲ್ಲಿ ಯಾವಜ್ಜೀವ ತೆಗೆದುಕೊಳ್ಳುವುದಕ್ಕೆ ಯಮವೆಂದೂ, ಕಾಲಮಿತಿಯಿಂದ ತೆಗೆದುಕೊಳ್ಳುವುದಕ್ಕೆ ನಿಯಮವೆಂದೂ ಹೆಸರು. ಉಪವಾಸ ಮಾಡಲಾಗದ ಹಿರಿಯರು ಬರುವ ಚಾತುರ್ಮಾಸದ ನಾಲ್ಕು ತಿಂಗಳಿಗೆ ಸ್ವಾಧ್ಯಾಯದ ನಿಯಮವನ್ನು ತೆಗೆದುಕೊಳ್ಳಬಹುದು. ದಿನಕ್ಕೆ ಒಂದು ಪುಟವನ್ನು ಗಟ್ಟಿಯಾಗಿ ಓದುವುದು, ಇಲ್ಲವೆ ಓದಿಸಿ ಕೇಳುವುದು. ತಿಳಿಯದ ಒಂದು ಪದವನ್ನು ಗುರುತಿಸಿ ಬಲ್ಲವರನ್ನು ಕೇಳುವುದು. ಅನಿತ್ಯ, ಅಶರಣ ಮೊದಲಾದ ಹನ್ನೆರಡು ಅನುಪ್ರೇಕ್ಷೆಗಳಲ್ಲಿ ದಿನಕ್ಕೊಂದನ್ನು ಹಿಡಿದು, ಅದಕ್ಕೆ ತನ್ನ ಬಾಳಿನ ಒಂದು ಉದಾಹರಣೆಯನ್ನು ಹುಡುಕುವುದು. ವಾರಕ್ಕೆ ಒಂದು ಹೊಸ ಶ್ಲೋಕವನ್ನು ಕಂಠಸ್ಥ ಮಾಡುವುದು. ಹಳೆಯದನ್ನು ಲೆಕ್ಕಕ್ಕೆ ಹಿಡಿಯಬಾರದು. ಮಲಗುವ ಮೊದಲು ಮನೆಯ ಒಂದು ಮಗುವಿಗೆ ಅಂದು ತಿಳಿದ ಒಂದು ಮಾತನ್ನು ಹೇಳುವುದು. ಮರೆತರೆ ಮರುದಿನ ಮತ್ತೆ ತೊಡಗಬೇಕು. ಮರೆಯಿತೆಂದು ಬಿಡುವುದು ಮಾತ್ರ ನಿಯಮಭಂಗ.

ಪರ್ವದ ದಿನ ಬಸದಿಯಲ್ಲಿ ಉಪವಾಸದ ಪ್ರತ್ಯಾಖ್ಯಾನ ತೆಗೆದುಕೊಳ್ಳುವವರು ಎದ್ದು ನಿಂತಾಗ, ಹಿಂದಿನ ಸಾಲಿನ ಹಿರಿಯರೂ ಎದ್ದು ನಿಂತು ಈ ನಿಯಮವನ್ನು ಬೇಡಬಹುದು. ಅವರ ಹೆಸರನ್ನೂ ತಪಸ್ವಿಗಳ ಸಾಲಿನಲ್ಲಿಯೇ ಕೂಗುವುದು ಸಮಾಜದ ಕರ್ತವ್ಯ. ಏಕೆಂದರೆ ಅವರು ಕೈಕೊಂಡುದೂ ಜಿನೇಂದ್ರರು ಹೇಳಿದ ಹನ್ನೆರಡು ತಪಗಳಲ್ಲಿ ಒಂದನ್ನೇ.